ಬೇರಿಯಾಟ್ರಿಕ್ (ತೂಕ ಇಳಿಸುವ) ಆಪರೇಷನ್‌ಗೆ ಮುಂಚೆ ಸಿಗರೇಟು ಬಿಡಲೇಬೇಕಂತೆ. ಬಿಟ್ಟವರು ಹೇಗೆ ಬಿಟ್ಟಿರಿ?

ಜಯನಗರದವನು

ಎಲ್ಲರಿಗೂ ನಮಸ್ಕಾರ. ವಯಸ್ಸು 41, ತೂಕ 128 ಕೆಜಿ, ಎತ್ತರ 5 ಅಡಿ 8 ಇಂಚು. ಬಿಎಂಐ (ಎತ್ತರಕ್ಕೆ ತೂಕ ಎಷ್ಟು ಅನ್ನುವ ಲೆಕ್ಕ) 43ರ ಹತ್ತಿರ. ಶುಗರ್ ಇದೆ. ಸ್ಲೀಪ್ ಆಪ್ನಿಯಾ, ಅಂದರೆ ನಿದ್ದೆಯಲ್ಲಿ ಉಸಿರು ನಿಲ್ಲುವ ತೊಂದರೆ ಇರುವುದರಿಂದ ರಾತ್ರಿ ಸಿಪ್ಯಾಪ್ ಮೆಷಿನ್ ಹಾಕಿಕೊಂಡು ಮಲಗುತ್ತೇನೆ. ಎದೆಯುರಿ ಜಾಸ್ತಿ ಇರುವುದರಿಂದ ಸ್ಲೀವ್ (ಹೊಟ್ಟೆ ಕತ್ತರಿಸಿ ಚಿಕ್ಕದು ಮಾಡುವುದು) ಬೇಡ, ಬೈಪಾಸ್ (ಹೊಟ್ಟೆ ಚಿಕ್ಕದು ಮಾಡಿ ಕರುಳನ್ನು ಅದಕ್ಕೆ ಜೋಡಿಸುವುದು) ಮಾಡೋಣ ಅಂತ ಸರ್ಜನ್ ಹೇಳಿದ್ದಾರೆ. ಮನೆಯಲ್ಲಿ ಎಲ್ಲರೂ ಒಪ್ಪಿದ್ದಾರೆ, ಅದು ಬೇರೆ ದೊಡ್ಡ ಕಥೆ.

ಈಗ ಇರುವ ತೊಂದರೆ ಒಂದೇ. ದಿನಕ್ಕೆ ಒಂದು ಪ್ಯಾಕ್ ಸೇದುತ್ತೇನೆ. ಪೂರ್ತಿ ಬಿಟ್ಟು ಕಡೇಪಕ್ಷ 6 ವಾರ ಆಗುವವರೆಗೆ ಡೇಟ್ ಕೊಡಲ್ಲ ಅಂದುಬಿಟ್ಟರು. ಬಾಯಲ್ಲಿ ಹೇಳಿದರೆ ಸಾಲದು, ಟೆಸ್ಟ್ ಕೂಡ ಮಾಡಿಸುತ್ತಾರಂತೆ.

ನನ್ನ ದಿನ ಹೇಗೆ ಅಂದರೆ, ಎದ್ದ ತಕ್ಷಣ ಬಾಲ್ಕನಿಯಲ್ಲಿ ಒಂದು. ದರ್ಶಿನಿಯಲ್ಲಿ ಇಡ್ಲಿ ವಡೆ ತಿಂದು ಕಾಫಿ ಲೋಟ ಹಿಡಿದು ಹೊರಗೆ ಬಂದರೆ ಇನ್ನೊಂದು. ಆಫೀಸಿನಲ್ಲಿ ಪ್ರತಿ ಮೀಟಿಂಗ್ ಆದ ಮೇಲೆ ಗೇಟಿನ ಹೊರಗೆ, ಕಾಂಡಿಮೆಂಟ್ಸ್ ಮುಂದೆ ಹುಡುಗರ ಜೊತೆ. ಅಲ್ಲಿ ಕಂಬಕ್ಕೆ ದಾರ ಕಟ್ಟಿ ಲೈಟರ್ ನೇತುಹಾಕಿದ್ದಾರೆ. ನನ್ನ ಎತ್ತರಕ್ಕೆ ಸ್ವಲ್ಪ ಬಗ್ಗಬೇಕು. ನಿದ್ದೆಗಣ್ಣಿನಲ್ಲೂ ಸರಿಯಾಗಿ ಬಗ್ಗುತ್ತೇನೆ, ಅಷ್ಟು ಅಭ್ಯಾಸ.

ಇದು ನಿಜವಾಗಿ ಅಷ್ಟು ಮುಖ್ಯಾನಾ, ಇಲ್ಲ ಆಸ್ಪತ್ರೆಯವರು ತಮ್ಮ ಸೇಫ್ಟಿಗೆ ಹೇಳೋದಾ? ಬಿಟ್ಟವರು ಹೇಗೆ ಬಿಟ್ಟಿರಿ? ಬುದ್ಧಿವಾದ ದಯವಿಟ್ಟು ಬೇಡ. ಅದು ಮನೆಯಲ್ಲಿ ಮೂರು ಹೊತ್ತೂ ಬಡಿಸುತ್ತಿದ್ದಾರೆ.

ಯಶವಂತಪುರ ಲೋಕಲ್

ಗುರು, ಸುಮ್ನೆ ತಲೆ ಕೆಡಿಸಿಕೊಳ್ಳಬೇಡ. ನಮ್ಮ ಚಿಕ್ಕಪ್ಪ ಸ್ಲೀವ್ ಮಾಡಿಸಿಕೊಂಡರು. ಹಿಂದಿನ ವಾರದವರೆಗೂ ದಮ್ ಹೊಡೆಯುತ್ತಿದ್ದರು. ಏನೂ ಆಗಲಿಲ್ಲ, ಮೂರನೇ ದಿನ ಮನೆಗೆ ಬಂದರು. ಟೆಸ್ಟ್ ಇರುವ ವಾರ ಬಿಡು, ನೀರು ಚೆನ್ನಾಗಿ ಕುಡಿ, ಪಾಸ್ ಆಗುತ್ತೀಯ. ಡೇಟ್ ಸಿಕ್ಕರೆ ಸಾಕು ತಾನೇ? ಆಪರೇಷನ್ ಆದ ಮೇಲೆ ತಾನಾಗೇ ಬಿಡುತ್ತೀಯ.

ಥಿಯೇಟರ್ ಟೆಕ್ನಿಷಿಯನ್

ಯಶವಂತಪುರದವರೇ, ನಿಮ್ಮ ಚಿಕ್ಕಪ್ಪ ಚೆನ್ನಾಗಿದ್ದಾರೆ ಅಂದರೆ ಸಂತೋಷ. ಹೆಲ್ಮೆಟ್ ಇಲ್ಲದೆ ಮನೆ ಸೇರುವವರೂ ದಿನಾ ಇರುತ್ತಾರೆ.

ನಾನು ಡಾಕ್ಟರ್ ಅಲ್ಲ. ಆಪರೇಷನ್ ಥಿಯೇಟರಿನಲ್ಲಿ ಅನಸ್ತೇಶಿಯಾ ಟೆಕ್ನಿಷಿಯನ್. ಕಲಿತದ್ದು, ಕಣ್ಣಾರೆ ನೋಡಿದ್ದು ಹೇಳುತ್ತೇನೆ. ಸರ್ಜನ್ ಯಾಕೆ ಹಟ ಹಿಡಿಯುತ್ತಾರೆ ಅಂತ ಗೊತ್ತಾದರೆ ಟೆಸ್ಟ್ ಪಾಸ್ ಮಾಡುವ ಯೋಚನೆ ತಾನಾಗೇ ಹೋಗುತ್ತದೆ.

ಬೈಪಾಸಿನಲ್ಲಿ ಹೊಟ್ಟೆಯ ಮೇಲ್ಭಾಗದಲ್ಲಿ ಸುಮಾರು 30 ಎಂಎಲ್ ಹಿಡಿಯುವ ಪುಟ್ಟ ಚೀಲ ಮಾಡುತ್ತಾರೆ. ಸಣ್ಣ ಕರುಳನ್ನು ಕತ್ತರಿಸಿ ಮೇಲೆ ತಂದು ಆ ಚೀಲಕ್ಕೆ ಜೋಡಿಸುತ್ತಾರೆ. ಆ ಜೋಡಣೆ ಕೂಡಿಕೊಳ್ಳಬೇಕಾದರೆ ಅಲ್ಲಿಗೆ ರಕ್ತ ಚೆನ್ನಾಗಿ ಹರಿಯಬೇಕು. ನಿಕೋಟಿನ್ ರಕ್ತನಾಳಗಳನ್ನು ಬಿಗಿ ಮಾಡುತ್ತದೆ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಹಿಮೋಗ್ಲೋಬಿನ್‌ಗೆ ಅಂಟಿಕೊಂಡು ಆಮ್ಲಜನಕದ ಜಾಗದಲ್ಲಿ ಕೂತುಬಿಡುತ್ತದೆ. ಅಂದರೆ ಅಲ್ಲಿಗೆ ಬರುವ ರಕ್ತವೂ ಕಡಿಮೆ, ಬಂದ ರಕ್ತದಲ್ಲಿ ಆಮ್ಲಜನಕವೂ ಕಡಿಮೆ. ಜೋಡಣೆ ಸೋರಿತು ಅಂದರೆ ಹೊಟ್ಟೆಯೊಳಗೆ ಸೋಂಕು, ಮತ್ತೊಂದು ಆಪರೇಷನ್, ಐಸಿಯು. ಹೀಗೆ ಆಗುವುದು ಅಪರೂಪ. ಆದರೆ ಆದಾಗ ತಮಾಷೆಯಲ್ಲ.

ಬೈಪಾಸ್ ಮಾಡಿಸುವವರಿಗೆ ಇನ್ನೊಂದು ವಿಷಯ. ಆ ಜೋಡಣೆಯ ಅಂಚಿನಲ್ಲಿ ಹುಣ್ಣು ಆಗಬಹುದು. ಮಾರ್ಜಿನಲ್ ಅಲ್ಸರ್ ಅಂತಾರೆ. ಹೊಟ್ಟೆಯ ಆಸಿಡ್ ತಡೆದುಕೊಳ್ಳುವ ಶಕ್ತಿ ಕರುಳಿಗೆ ಅಷ್ಟಿಲ್ಲ. ಸೇದುವವರಿಗೆ ಈ ಹುಣ್ಣು ಆಗುವ ಸಾಧ್ಯತೆ ಜಾಸ್ತಿ, ಬಂದರೆ ವಾಸಿಯಾಗುವುದೂ ನಿಧಾನ. ಬ್ರೂಫೆನ್, ಡೈಕ್ಲೋಫೆನಾಕ್ ತರಹದ ನೋವಿನ ಮಾತ್ರೆಗಳದ್ದೂ ಇದೇ ಕಥೆ. ಇದು ಆಪರೇಷನ್ ದಿನದ ಮಾತಲ್ಲ. ವರ್ಷಗಳಾದ ಮೇಲೆ ಮತ್ತೆ ಶುರು ಮಾಡಿದರೂ ಹುಣ್ಣು ಬರಬಹುದು. ಹುಣ್ಣು ತೂತಾಗಿ ರಾತ್ರಿ ಎಮರ್ಜೆನ್ಸಿಗೆ ಬರುವವರಿದ್ದಾರೆ. ಅದಕ್ಕೇ ಬೈಪಾಸ್ ಸರ್ಜನ್‌ಗಳು ಈ ವಿಷಯದಲ್ಲಿ ಇನ್ನೂ ಕಟ್ಟುನಿಟ್ಟು.

ನಮ್ಮ ಕಡೆಯಿಂದ, ಅಂದರೆ ಅನಸ್ತೇಶಿಯಾ ಕಡೆಯಿಂದ, ಶ್ವಾಸಕೋಶ. ದಪ್ಪ ಇರುವವರಿಗೆ ಮಲಗಿದಾಗ ಎದೆಗೂಡಿನ ಮೇಲೆ ಭಾರ ಬಿದ್ದು ಶ್ವಾಸಕೋಶ ಪೂರ್ತಿ ಹಿಗ್ಗುವುದಿಲ್ಲ. ಅದರ ಮೇಲೆ ಕಫ ಸೇರಿಕೊಂಡರೆ ನ್ಯುಮೋನಿಯಾ ಭಯ. ನಿಮಗೆ ಸ್ಲೀಪ್ ಆಪ್ನಿಯಾ ಬೇರೆ ಇದೆ. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯಕ್ಕೂ ಸಿಗರೇಟು ತನ್ನ ಪಾಲು ಸೇರಿಸುತ್ತದೆ.

6 ವಾರ ಅನ್ನೋದು ಒಬ್ಬ ಡಾಕ್ಟರ್ ತಲೆಯಿಂದ ಬಂದದ್ದಲ್ಲ. ಅಮೆರಿಕದ ಬೇರಿಯಾಟ್ರಿಕ್ ಸರ್ಜನ್‌ಗಳ ಸಂಘ ಮತ್ತು ಬೇರೆ ಸಂಘಗಳು ಸೇರಿ 2019ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯಲ್ಲಿ, ಆದಷ್ಟು ಬೇಗ ಬಿಡಿ, 1 ವರ್ಷ ಮುಂಚೆ ಬಿಟ್ಟರೆ ಒಳ್ಳೆಯದು, ಏನಿಲ್ಲವೆಂದರೂ 6 ವಾರ ಅಂತ ಇದೆ. ನಿಮ್ಮ ಸರ್ಜನ್ ಕೇಳಿರುವುದು ಅತಿ ಕಡಿಮೆ ಇರುವ ಲೆಕ್ಕ.

ಯಶವಂತಪುರ ಲೋಕಲ್

ಚಿಕ್ಕಪ್ಪನದು ಸ್ಲೀವ್. ಅದರಲ್ಲಿ ಈ ಜೋಡಣೆ ಗೀಡಣೆ ಇಲ್ಲ ಅಲ್ವಾ?

ಥಿಯೇಟರ್ ಟೆಕ್ನಿಷಿಯನ್

ಕರುಳಿನ ಜೋಡಣೆ ಇಲ್ಲ, ನಿಜ. ಆದರೆ ಹೊಟ್ಟೆಯ ಸುಮಾರು 80 ಪರ್ಸೆಂಟ್ ಕತ್ತರಿಸಿ ತೆಗೆಯುತ್ತಾರೆ. ಉಳಿದದ್ದಕ್ಕೆ ಮೇಲಿನಿಂದ ಕೆಳಗಿನವರೆಗೆ ಉದ್ದಕ್ಕೂ ಸ್ಟೇಪ್ಲರ್ ಪಿನ್. ಆ ಗೆರೆಯೂ ಕೂಡಿಕೊಳ್ಳಬೇಕು. ಜೊತೆಗೆ ಸ್ಲೀವ್ ಆದವರಲ್ಲಿ ಎದೆಯುರಿ ಜಾಸ್ತಿಯಾಗೋದು ಸಾಮಾನ್ಯ, ಸಿಗರೇಟು ಅದಕ್ಕೆ ಇನ್ನಷ್ಟು ಸೇರಿಸುತ್ತದೆ. ಒಮ್ಮೆ ಚಿಕ್ಕಪ್ಪನನ್ನು ಕೇಳಿ ನೋಡಿ.

ಮಲ್ಲೇಶ್ವರದ ಹುಡುಗಿ

ಬೈಪಾಸ್ ಆಗಿ ಎರಡು ವರ್ಷದ ಮೇಲಾಯಿತು. ನಾನೂ ಸೇದುತ್ತಿದ್ದೆ. ಹೆಂಗಸರು ಸೇದುತ್ತಾರೆ ಅಂದರೆ ಇಲ್ಲಿ ಕೆಲವರಿಗೆ ಮೊದಲು ಅದೇ ಸುದ್ದಿಯಾಗುತ್ತದೆ, ಆಗಲಿ ಬಿಡಿ.

ಮೊದಲು ಯಾರೂ ಹೇಳದ ಒಂದು ವಿಷಯ. ಮೊದಲ ಸಲ ಸರ್ಜನ್ ಹತ್ತಿರ ಹೋದಾಗ ಪಕ್ಕದಲ್ಲೇ ಅಮ್ಮ ಕೂತಿದ್ದರು. ಡಾಕ್ಟರ್ ಫೈಲ್ ನೋಡಿಕೊಂಡೇ, "ಸ್ಮೋಕಿಂಗ್, ಡ್ರಿಂಕಿಂಗ್ ಏನಾದರೂ ಇದೆಯಾ?" ಅಂದರು. ನಾನು ಬಾಯಿ ತೆಗೆಯುವ ಮುಂಚೆ ಅಮ್ಮನೇ, "ಅಯ್ಯೋ, ನಮ್ಮ ಮನೆಯಲ್ಲಿ ಅದೆಲ್ಲ ಇಲ್ಲ ಡಾಕ್ಟ್ರೇ" ಅಂದರು. ಫೈಲಿನಲ್ಲಿ ಇಲ್ಲ ಅಂತ ಬಿತ್ತು. ಸಂಜೆ ನಾನೇ ಆಸ್ಪತ್ರೆಯ ಕೋಆರ್ಡಿನೇಟರ್‌ಗೆ ಫೋನ್ ಮಾಡಿ ಹೇಳಿದೆ. ಮುಂದಿನ ಸಲ ಅಮ್ಮನನ್ನು ಹೊರಗೆ ಕೂರಿಸಿ ಐದು ನಿಮಿಷ ಒಬ್ಬಳನ್ನೇ ಮಾತಾಡಿಸಿದರು. ಹೆಂಗಸರು, ಅಪ್ಪ ಅಮ್ಮನ ಜೊತೆ ಹೋಗುವ ಹುಡುಗರು, ಎಲ್ಲರೂ ಇದನ್ನು ಕೇಳಿ ಪಡೆಯಬಹುದು. ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಆಗಲೇ ಹೇಳಿ. ಸಿಗರೇಟು, ಆ ಮಾತ್ರೆ, ಆಪರೇಷನ್ ಮೂರೂ ಸೇರಿದರೆ ರಕ್ತ ಹೆಪ್ಪುಗಟ್ಟುವ ಭಯ ಹೆಚ್ಚು.

ಈಗ ಬಿಡುವ ವಿಷಯ. ಜಯನಗರದವರೇ, ನಿಮಗೆ ನಾನು ಹೇಳುವುದು ಒಂದೇ. ಸಿಗರೇಟು ಬಿಡುವುದನ್ನೂ ಊಟ ಕಟ್ಟು ಮಾಡುವುದನ್ನೂ ಒಂದೇ ವಾರಕ್ಕೆ ಇಟ್ಟುಕೊಳ್ಳಬೇಡಿ. ಆಪರೇಷನ್‌ಗೆ ಮುಂಚೆ ಎರಡು ವಾರ ಲಿವರ್ ಡಯಟ್ ಅಂತ ಕೊಡುತ್ತಾರೆ. ಕೊಬ್ಬು ತುಂಬಿ ದೊಡ್ಡದಾಗಿರುವ ಲಿವರ್ ಕುಗ್ಗಿದರೆ ಸರ್ಜನ್‌ಗೆ ಹೊಟ್ಟೆಯ ಹತ್ತಿರ ಹೋಗುವುದು ಸುಲಭ, ಅದಕ್ಕೆ. ಅನ್ನ ಇಲ್ಲ, ಮುದ್ದೆ ಇಲ್ಲ, ದೋಸೆ ಇಲ್ಲ. ಪ್ರೋಟೀನ್ ಶೇಕ್, ಮಜ್ಜಿಗೆ, ತಿಳಿಸಾರು. ಆ ಎರಡು ವಾರ ತಲೆ ಗಿರ್ ಅನ್ನುತ್ತಿರುತ್ತದೆ. ಅದೇ ದಿನ ಸಿಗರೇಟೂ ಬಿಟ್ಟರೆ ಯಾವ ಸಿಟ್ಟು ಹಸಿವಿನದ್ದು, ಯಾವ ಸಿಟ್ಟು ನಿಕೋಟಿನ್‌ದು ಅಂತ ನಿಮಗೇ ತಿಳಿಯುವುದಿಲ್ಲ, ಮನೆಯವರಿಗಂತೂ ಕೇಳಲೇಬೇಡಿ. ನಮ್ಮಂಥವರಿಗೆ ಊಟವೇ ಸಮಾಧಾನ. ಸಿಗರೇಟು ಎರಡನೇ ಸಮಾಧಾನ. ಎರಡನ್ನೂ ಒಟ್ಟಿಗೆ ಕಿತ್ತುಕೊಂಡರೆ ಮನುಷ್ಯ ಎಲ್ಲಿಗೆ ಹೋಗಬೇಕು? ಮೊದಲು ಸಿಗರೇಟು ಬಿಡಿ. ಅದು ಒಂದು ಹದಕ್ಕೆ ಬರಲಿ. ಆಮೇಲೆ ಡಯಟ್. ಡೇಟ್ ಸ್ವಲ್ಪ ಮುಂದಕ್ಕೆ ಹೋದರೂ ಪರವಾಗಿಲ್ಲ.

ಇನ್ನು ಕಾಫಿ. ಇದು ನನಗೆ ನಿಮ್ಹಾನ್ಸ್‌ನಲ್ಲಿ ಹೇಳಿದ್ದು. ಸಿಗರೇಟಿನ ಹೊಗೆ ಲಿವರಿನ ಒಂದು ಕಿಣ್ವವನ್ನು ಚುರುಕು ಮಾಡಿರುತ್ತದೆ. ಕೆಫೀನನ್ನು ಒಡೆಯುವುದೂ ಅದೇ ಕಿಣ್ವ. ಹೊಗೆ ನಿಂತಾಗ ಅದರ ವೇಗ ಇಳಿಯುತ್ತದೆ. ಅಷ್ಟೇ ಕಾಫಿ ಕುಡಿದರೂ ಕೆಫೀನ್ ದೇಹದಲ್ಲಿ ಜಾಸ್ತಿ ಹೊತ್ತು ಉಳಿಯುತ್ತದೆ. ಕೈ ನಡುಕ, ಎದೆ ಡವಡವ, ರಾತ್ರಿ ನಿದ್ದೆ ಇಲ್ಲ. ನಾವು ಇದೆಲ್ಲ ಸಿಗರೇಟು ಬಿಟ್ಟದ್ದಕ್ಕೇ ಅಂದುಕೊಂಡು ಮತ್ತೆ ಹಚ್ಚುತ್ತೇವೆ. ಕಾಫಿಯನ್ನು ಅರ್ಧಕ್ಕೆ ಇಳಿಸಿ. ಬೆಂಗಳೂರಿನಲ್ಲಿ ಇದಕ್ಕೆ ಕಷ್ಟವೇನು, ಬೈಟು ಹೇಳಿದರಾಯಿತು.

ಜಯನಗರದವನು

ಮೇಡಂ, ಕಾಫಿ ವಿಷಯ ಇವತ್ತೇ ಮೊದಲ ಸಲ ಕೇಳಿದ್ದು. ಹಿಂದೆ ಒಂದೆರಡು ಸಲ ಬಿಡಲು ನೋಡಿದಾಗ ಮೂರನೇ ದಿನಕ್ಕೆ ಕೈ ನಡುಗುತ್ತಿತ್ತು, ಸಿಗರೇಟಿನ ಬದಲು ಕಾಫಿ ಮೇಲೆ ಕಾಫಿ ಕುಡಿಯುತ್ತಿದ್ದೆ. ಈಗ ಅರ್ಥ ಆಯಿತು.

ನಿಕೋಟಿನ್ ಗಮ್ ಬಗ್ಗೆ ಹೇಳಿ. ಮೆಡಿಕಲ್ ಶಾಪಿನಲ್ಲಿ ನಿಕೋಟೆಕ್ಸ್ ಸಿಗುತ್ತದೆ. ಅದು ಟೆಸ್ಟಿನಲ್ಲಿ ಸಿಕ್ಕಿಹಾಕಿಕೊಳ್ಳುತ್ತದಾ? ಆಫೀಸಿನ ಹುಡುಗನೊಬ್ಬ ವೇಪ್ ತಗೊಳ್ಳಿ ಸರ್, ಹೊಗೆ ಇಲ್ಲ, ತರಿಸಿಕೊಡುತ್ತೇನೆ ಅಂತ ಹಿಂದೆ ಬಿದ್ದಿದ್ದಾನೆ.

ಥಿಯೇಟರ್ ಟೆಕ್ನಿಷಿಯನ್

ವೇಪ್ ಬಿಟ್ಟುಬಿಡಿ. 2019ರಿಂದ ಇ-ಸಿಗರೇಟು ಮಾರುವುದು ದೇಶದಲ್ಲೇ ನಿಷೇಧ. ಕದ್ದು ಬರುವ ಮಾಲಿನಲ್ಲಿ ಏನಿದೆ ಅಂತ ಯಾರಿಗೂ ಗೊತ್ತಿಲ್ಲ. ಹೊಗೆ ಇಲ್ಲದಿದ್ದರೂ ನಿಕೋಟಿನ್ ಇದ್ದೇ ಇರುತ್ತದೆ, ರಕ್ತನಾಳ ಬಿಗಿಸುವುದು ಅದೇ ತಾನೇ.

ಟೆಸ್ಟ್ ವಿಷಯ. ನಿಕೋಟಿನ್ ದೇಹದಲ್ಲಿ ಬೇಗ ಕರಗುತ್ತದೆ. ಅದರಿಂದ ಆಗುವ ಕೋಟಿನಿನ್ ಅನ್ನುವುದು ನಿಧಾನವಾಗಿ ಹೋಗುತ್ತದೆ. ಟೆಸ್ಟ್ ಹುಡುಕುವುದು ಇದನ್ನೇ. ದಿನಾ ಪ್ಯಾಕ್ ಸೇದುವವರಲ್ಲಿ ಮೂತ್ರದಲ್ಲಿ ಒಂದು ವಾರ, ಇನ್ನೂ ಜಾಸ್ತಿ ದಿನ ಕೂಡ ಕಾಣಿಸಬಹುದು. ಗಮ್, ಚರ್ಮಕ್ಕೆ ಅಂಟಿಸುವ ನಿಕೋಟಿನ್ ಪ್ಯಾಚ್ ಹಾಕಿಕೊಂಡರೂ ಕೋಟಿನಿನ್ ಪಾಸಿಟಿವ್ ಬರುತ್ತದೆ. ಅದಕ್ಕೇ ಗಮ್ ಶುರು ಮಾಡುವ ಮುಂಚೆ ಸರ್ಜನ್‌ಗೆ ಹೇಳಿ. ಕೆಲವರು ಗಮ್ ಇರಲಿ, ಹೊಗೆ ನಿಲ್ಲಲಿ ಅಂತ ಮೊದಲು ಒಪ್ಪುತ್ತಾರೆ, ಆಮೇಲೆ ಆಪರೇಷನ್ ಹತ್ತಿರ ಬಂದಾಗ ಗಮ್ಮನ್ನೂ ನಿಲ್ಲಿಸಲು ಹೇಳುತ್ತಾರೆ. ಕೆಲವರು ಬಾಯಿಂದ ಊದಿಸಿ ಕಾರ್ಬನ್ ಮೊನಾಕ್ಸೈಡ್ ನೋಡುತ್ತಾರೆ. ಅದರಲ್ಲಿ ಗಮ್ ಕಾಣುವುದಿಲ್ಲ, ಹೊಗೆ ಮಾತ್ರ ಕಾಣುತ್ತದೆ. ಆದರೆ ಅದು ಒಂದೆರಡು ದಿನದ ಹಿಂದಿನದನ್ನು ಹೇಳುವುದಿಲ್ಲ.

ಮಲ್ಲೇಶ್ವರದ ಹುಡುಗಿ

ಗಮ್ ಅಗಿಯುವುದನ್ನು ತುಂಬಾ ಜನ ತಪ್ಪು ಮಾಡುತ್ತಾರೆ. ಬಬಲ್ ಗಮ್ ತರಹ ಅಗಿದರೆ ರಸವೆಲ್ಲ ಹೊಟ್ಟೆಗೆ ಹೋಗಿ ಬಿಕ್ಕಳಿಕೆ, ಎದೆಯುರಿ, ವಾಕರಿಕೆ. ಆಮೇಲೆ ಗಮ್ ನನಗೆ ಆಗಲ್ಲ ಅಂತ ಬಿಸಾಕುತ್ತಾರೆ. ನಾಲ್ಕೈದು ಸಲ ನಿಧಾನ ಅಗಿಯಿರಿ. ನಾಲಿಗೆಗೆ ಮೆಣಸಿನ ಖಾರದಂಥ ಚುರುಚುರು ಬರುತ್ತದೆ. ತಕ್ಷಣ ನಿಲ್ಲಿಸಿ ಕೆನ್ನೆಗೂ ವಸಡಿಗೂ ಮಧ್ಯೆ ಒತ್ತಿ ಇಡಿ. ಖಾರ ಇಳಿದ ಮೇಲೆ ಮತ್ತೆ ಒಂದೆರಡು ಸಲ ಅಗಿದು ಇನ್ನೊಂದು ಕಡೆ ಇಡಿ. ಒಂದು ಗಮ್ ಅರ್ಧ ಗಂಟೆ ಬರುತ್ತದೆ. ಕಾಫಿ, ಜ್ಯೂಸ್ ಕುಡಿದ 15 ನಿಮಿಷದೊಳಗೆ ಹಾಕಿಕೊಳ್ಳಬೇಡಿ. ಬಾಯಿ ಹುಳಿ ಇದ್ದರೆ ನಿಕೋಟಿನ್ ಸರಿಯಾಗಿ ಒಳಗೆ ಹೋಗುವುದಿಲ್ಲ.

ಎದ್ದ ಅರ್ಧ ಗಂಟೆಯೊಳಗೆ ಸೇದುವವರಿಗೆ ಸಾಮಾನ್ಯವಾಗಿ 4 ಎಂಜಿ ಹೇಳುತ್ತಾರೆ, ಅದಕ್ಕೆ ಚೀಟಿ ಬೇಕು. 2 ಎಂಜಿ ಚೀಟಿ ಇಲ್ಲದೆ ಸಿಗುತ್ತದೆ. ವರೆನಿಕ್ಲಿನ್, ಬ್ಯುಪ್ರೋಪಿಯಾನ್ ಅನ್ನುವ ಮಾತ್ರೆಗಳೂ ಇವೆ, ಅವುಗಳಲ್ಲಿ ನಿಕೋಟಿನ್ ಇಲ್ಲ. ಡಾಕ್ಟರ್ ಕೇಳದೆ ಬೇಡ. ಫಿಟ್ಸ್ ಇರುವವರಿಗೆ ಬ್ಯುಪ್ರೋಪಿಯಾನ್ ಆಗುವುದಿಲ್ಲ. ನನಗೆ ವರೆನಿಕ್ಲಿನ್ ಕೊಟ್ಟಿದ್ದರು. ಬಿಡುವ ದಿನಕ್ಕೆ ಒಂದು ವಾರ ಮುಂಚೆ ಶುರು. ವಾಕರಿಕೆ ಬರುತ್ತಿತ್ತು, ತಿಂಡಿ ತಿಂದು ನುಂಗಿದರೆ ಕಡಿಮೆ. ಆದರೆ ಸಿಗರೇಟು ಹಚ್ಚಿದರೆ ಏನೂ ಮಜಾ ಇಲ್ಲ, ಖಾಲಿ ಹೊಗೆ.

ರಾಜಾಜಿನಗರ ಮೇಷ್ಟ್ರು

ನಾನು ಆಪರೇಷನ್ ಮಾಡಿಸಿಕೊಂಡವನಲ್ಲ, ಬೀಡಿ ಬಿಟ್ಟವನು. ನೀವು ಬಿಡುವ ದಿನ ಗೊತ್ತು ಮಾಡಿದ್ದೀರಾ? ನಾನು ಯುಗಾದಿಗೆ ಬಿಡುತ್ತೇನೆ ಅಂದೆ, ಆಮೇಲೆ ಗಣೇಶನ ಹಬ್ಬಕ್ಕೆ, ಆಮೇಲೆ ದೀಪಾವಳಿಗೆ. ನಮ್ಮ ಕ್ಯಾಲೆಂಡರಿನಲ್ಲಿ ಹಬ್ಬಗಳಿಗೆ ಬರವೇ? ಕೊನೆಗೆ ಬಿಟ್ಟದ್ದು ಯಾವುದೋ ಮಂಗಳವಾರ.

ತಲಬು ಬಂದಾಗ ಹತ್ತು ನಿಮಿಷ ಕಳೆಯಿರಿ, ಸಾಕು. ಅದು ಅಲೆಯಂತೆ ಏರಿ ತಾನೇ ಇಳಿಯುತ್ತದೆ. ಆ ಹತ್ತು ನಿಮಿಷಕ್ಕೆ ಒಂದು ಕೆಲಸ ಇಟ್ಟುಕೊಳ್ಳಿ. ನಾನು ಗಿಡಗಳಿಗೆ ನೀರು ಹಾಕುತ್ತಿದ್ದೆ. ದಿನಕ್ಕೆ ಅಷ್ಟು ಸಲ ನೀರು ಕುಡಿದು ಎರಡು ದಾಸವಾಳ ಕೊಳೆತು ಹೋದವು.

ವಿಜಯನಗರ ಬಸ್ ಸ್ಟಾಂಡ್

ಸಿಗರೇಟ್ ಪ್ಯಾಕ್ ಮೇಲೆ ಆ ಭಯಂಕರ ಫೋಟೋ ಇರುತ್ತದಲ್ಲ, ಅಲ್ಲೇ ಬಿಡಲು ಸಹಾಯ ಮಾಡುವವರ ಒಂದು ನಂಬರ್ ಇರುತ್ತದೆ. 1800-11-2356. ದುಡ್ಡು ಕಟ್ ಆಗಲ್ಲ. ಅಷ್ಟು ವರ್ಷ ಪ್ಯಾಕ್ ಕೈಯಲ್ಲಿ ಹಿಡಿದವರು ಆ ನಂಬರ್ ಓದಿಯೇ ಇರುವುದಿಲ್ಲ. ಈ ಕ್ವಿಟ್‌ಲೈನ್‌ನ ಒಂದು ಕೇಂದ್ರ ನಮ್ಮ ನಿಮ್ಹಾನ್ಸ್‌ನಲ್ಲೇ ಇದೆ, ಕನ್ನಡದಲ್ಲೇ ಮಾತಾಡುತ್ತಾರೆ. ನಮ್ಮ ಅಣ್ಣ ಫೋನ್ ಮಾಡಿದಾಗ ಬಯ್ಯುತ್ತಾರೇನೋ ಅಂತ ಹೆದರಿಕೊಂಡಿದ್ದ. ಎದ್ದ ಎಷ್ಟು ಹೊತ್ತಿಗೆ ಮೊದಲ ಸಿಗರೇಟು, ಯಾವ ಹೊತ್ತಿನಲ್ಲಿ ಜಾಸ್ತಿ, ಹಿಂದೆ ಬಿಟ್ಟಾಗ ಯಾಕೆ ಮತ್ತೆ ಶುರುವಾಯಿತು ಅಂತ ಕೇಳಿದರಂತೆ. ದಿನ ಗೊತ್ತು ಮಾಡಿಸಿದರು. ಆಮೇಲೆ ಅವರೇ ವಾಪಸ್ ಫೋನ್ ಮಾಡಿ ವಿಚಾರಿಸುತ್ತಿದ್ದರು.

ತುಮಕೂರು ರೋಡ್

ಮಧ್ಯೆ ಬಂದೆ, ಕ್ಷಮಿಸಿ. ನಮ್ಮ ಸೋದರತ್ತೆಗೆ ಆಪರೇಷನ್ ಮಾತುಕತೆ ನಡೀತಿದೆ. ಅವರು ಸೇದುವುದಿಲ್ಲ. ಎಲೆ ಅಡಿಕೆ ಜೊತೆ ಕಡ್ಡಿಪುಡಿ ಹಾಕುತ್ತಾರೆ, ಬೆಳಗ್ಗೆಯಿಂದ ರಾತ್ರಿವರೆಗೆ. ಡಾಕ್ಟರ್ ಸ್ಮೋಕಿಂಗ್ ಇದೆಯಾ ಅಂತ ಕೇಳಿದ್ದಕ್ಕೆ ಇಲ್ಲ ಅಂದಿದ್ದಾರೆ. ಸುಳ್ಳೇನೂ ಅಲ್ಲವಲ್ಲ?

ಥಿಯೇಟರ್ ಟೆಕ್ನಿಷಿಯನ್

ಸುಳ್ಳಲ್ಲ, ಆದರೆ ಕಡ್ಡಿಪುಡಿ, ಹೊಗೆಸೊಪ್ಪು, ಗುಟ್ಕಾ ಎಲ್ಲ ತಂಬಾಕೇ. ನಿಕೋಟಿನ್ ಒಳಗೆ ಹೋಗುತ್ತದೆ. ಕೋಟಿನಿನ್ ಟೆಸ್ಟ್ ಮಾಡಿಸಿದರೆ ಪಾಸಿಟಿವ್. ನೀವೇ ಡಾಕ್ಟರ್‌ಗೆ ಹೇಳಿ. ಅಜ್ಜಿಯರು, ಅತ್ತೆಯರು ಇದನ್ನು ಚಟ ಅಂತಲೇ ಅಂದುಕೊಂಡಿರುವುದಿಲ್ಲ, ಊಟ ಆದ ಮೇಲಿನ ಕ್ರಮ ಅಷ್ಟೇ. ತಂಬಾಕು ಬಿಟ್ಟು ಬರೀ ಎಲೆ ಅಡಿಕೆ ಹಾಕಿಕೊಳ್ಳಲಿ ಅಂತಲೂ ಹೇಳಬೇಡಿ. ಅಡಿಕೆ ಬಾಯಿಗೆ ಹೋದರೆ ಕೈ ತಾನಾಗೇ ಕಡ್ಡಿಪುಡಿ ಡಬ್ಬಿಗೆ ಹೋಗುತ್ತದೆ. ಅಲ್ಲದೆ ಅಡಿಕೆಯೂ ಬಾಯಿ ಕ್ಯಾನ್ಸರ್‌ಗೆ ಕಾರಣ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರಲ್ಲೇ ಹೇಳಿದೆ.

ತುಮಕೂರು ರೋಡ್

ಅಡಿಕೆ ತೋಟದವರ ಮನೆಯಲ್ಲಿ ಈ ಮಾತು ಎತ್ತಿದರೆ ನನಗೇ ಊಟ ಹಾಕಲ್ಲ. ಡಾಕ್ಟರ್ ಬಾಯಲ್ಲೇ ಹೇಳಿಸುತ್ತೇನೆ.

ಜಯನಗರದವನು

ಇನ್ನೊಂದು ಭಯ. ಸಿಗರೇಟು ಬಿಟ್ಟರೆ ದಪ್ಪ ಆಗುತ್ತಾರೆ ಅಂತಾರೆ. ನಾನು ದಪ್ಪ ಇಳಿಸಲು ಆಪರೇಷನ್ ಮಾಡಿಸಿಕೊಳ್ಳುತ್ತಿದ್ದೇನೆ. ತೂಕ ಏರಿದರೆ ಸರ್ಜನ್ ಏನಂತಾರೆ? ಇನ್ಶೂರೆನ್ಸ್‌ಗೆ ತೊಂದರೆ ಆಗುತ್ತಾ?

ಮಲ್ಲೇಶ್ವರದ ಹುಡುಗಿ

ಏರುತ್ತದೆ, ಸುಳ್ಳು ಹೇಳಲ್ಲ. ಮೊದಲ ವರ್ಷದಲ್ಲಿ ಸರಾಸರಿ 4ರಿಂದ 5 ಕೆಜಿ ಅಂತ ಲೆಕ್ಕ. ನಿಕೋಟಿನ್ ಹಸಿವನ್ನು ಅದುಮಿಟ್ಟಿರುತ್ತದೆ, ದೇಹ ಸುಡುವ ಶಕ್ತಿಯನ್ನು ಸ್ವಲ್ಪ ಹೆಚ್ಚಿಸಿರುತ್ತದೆ. ಅದು ಹೋದಾಗ ಹಸಿವು ವಾಪಸ್. ನಾಲಿಗೆಗೆ ರುಚಿಯೂ ವಾಪಸ್, ಅದು ಇನ್ನೂ ಅಪಾಯ. ನನಗೆ ಬೇಕರಿ ಮುಂದೆ ಹೋದರೆ ಖಾರಾ ಬನ್ ವಾಸನೆ ರಸ್ತೆ ಆಚೆಯಿಂದಲೇ ಬರುತ್ತಿತ್ತು. ನನ್ನ ಡಯಟಿಷಿಯನ್ ಮೊದಲೇ ಹೇಳಿದ್ದರು, ಎರಡು ಮೂರು ಕೆಜಿ ಏರಿದರೆ ನಾನು ಬಯ್ಯಲ್ಲ, ಸಿಗರೇಟಿಗೆ ವಾಪಸ್ ಹೋಗಬೇಡಿ ಅಂತ. ನೀವೂ ನಿಮ್ಮವರ ಹತ್ತಿರ ಈ ಮಾತು ಮೊದಲೇ ಆಡಿಬಿಡಿ. ಬಾಯಿಗೆ ಏನಾದರೂ ಬೇಕು ಅನ್ನಿಸಿದಾಗ ಸೌತೆಕಾಯಿ, ಕ್ಯಾರೆಟ್ ಕಡ್ಡಿ, ಲವಂಗ, ಸೋಂಪು. ಕುರುಕಲು ಪ್ಯಾಕೆಟ್ ಮನೆಯಲ್ಲಿ ಇಡಬೇಡಿ. ಮಲಬದ್ಧತೆಯೂ ಆಗುತ್ತದೆ, ಅದನ್ನು ಯಾರೂ ಹೇಳುವುದಿಲ್ಲ. ನೀರು ಕುಡಿಯಿರಿ.

ವಿಜಯನಗರ ಬಸ್ ಸ್ಟಾಂಡ್

ಇನ್ಶೂರೆನ್ಸ್: ವಿಮಾ ನಿಯಂತ್ರಣ ಸಂಸ್ಥೆ ಐಆರ್‌ಡಿಎಐ ನಿಯಮದ ಪ್ರಕಾರ ಬಿಎಂಐ 40 ಅಥವಾ ಮೇಲಿರಬೇಕು. ಇಲ್ಲ 35 ಮತ್ತು ಮೇಲಿದ್ದು ಕಂಟ್ರೋಲಿಗೆ ಬಾರದ ಟೈಪ್ 2 ಶುಗರ್, ತೀವ್ರ ಸ್ಲೀಪ್ ಆಪ್ನಿಯಾ, ಹೃದಯದ ಕಾಯಿಲೆಯಂಥದ್ದು ಇರಬೇಕು. ಡಾಕ್ಟರ್ ಬರೆದುಕೊಡಬೇಕು, ವಯಸ್ಸು 18 ದಾಟಿರಬೇಕು. ನಿಮ್ಮದು 43, ಎರಡು ಕೆಜಿ ಏರಿದರೆ ಏನೂ ಆಗಲ್ಲ. ವೇಟಿಂಗ್ ಪೀರಿಯಡ್ (ಕ್ಲೇಮ್ ಮಾಡಲು ಕಾಯಬೇಕಾದ ಅವಧಿ) ಎಷ್ಟು ಅಂತ ಪಾಲಿಸಿಯಲ್ಲಿ ನೋಡಿ. ಪಾಲಿಸಿ ತಗೊಳ್ಳುವಾಗ ಸಿಗರೇಟು ಕಾಲಂನಲ್ಲಿ ಏನು ಬರೆದಿದ್ದೀರಿ ಅಂತಲೂ ನೋಡಿಕೊಳ್ಳಿ. ಆಸ್ಪತ್ರೆ ಫೈಲಿನಲ್ಲಿ ದಿನಕ್ಕೆ ಒಂದು ಪ್ಯಾಕ್, ಫಾರಂನಲ್ಲಿ ಇಲ್ಲ ಅಂತಿದ್ದರೆ ಕ್ಲೇಮ್ ಹೊತ್ತಿಗೆ ಕಿರಿಕ್.

ಜಯನಗರದವನು

ಅಪ್‌ಡೇಟ್. ಬಿಟ್ಟು ಕೆಲವು ವಾರ ಆಯಿತು. ಡಾಕ್ಟರ್‌ಗೆ ಹೇಳಿಯೇ 4 ಎಂಜಿ ಗಮ್ ಶುರು ಮಾಡಿದೆ, ಈಗ ಕಡಿಮೆ ಮಾಡುತ್ತಿದ್ದೇನೆ. ಕಾಫಿ ಬೈಟು. ಮೊದಲ ವಾರ ಹೆಂಡತಿ ನನ್ನ ಜೊತೆ ಮಾತು ಕಡಿಮೆ ಮಾಡಿದಳು, ಒಳ್ಳೆಯದೇ ಮಾಡಿದಳು.

ಕಷ್ಟ ಆಗಿದ್ದು ಬೆಳಗಿನ ಸಿಗರೇಟಲ್ಲ. ಆಫೀಸಿನ ಗೇಟು. ಮೀಟಿಂಗ್ ಮುಗಿದ ತಕ್ಷಣ ಹುಡುಗರು "ಬನ್ನಿ ಸರ್" ಅಂತ ಎದ್ದು ಹೊರಡುತ್ತಾರೆ. ಮೊದಲು ಹೋಗದೆ ಸೀಟಿನಲ್ಲೇ ಕೂತೆ. ಆಗ ಗೊತ್ತಾಯಿತು, ಟೀಮಿನ ಅರ್ಧ ತೀರ್ಮಾನ ಆ ಕಾಂಡಿಮೆಂಟ್ಸ್ ಮುಂದೆಯೇ ಆಗುತ್ತಿತ್ತು ಅಂತ. ಈಗ ಹೋಗುತ್ತೇನೆ, ಗಾಳಿ ಬರುವ ಕಡೆ ನಿಲ್ಲುತ್ತೇನೆ, ಕೈಯಲ್ಲಿ ನೀರಿನ ಬಾಟಲಿ. ಅಂಗಡಿಯವರು ಅಭ್ಯಾಸಬಲದಿಂದ ನನ್ನ ಬ್ರ್ಯಾಂಡ್ ತೆಗೆದು ಗಾಜಿನ ಮೇಲೆ ಇಟ್ಟರು. ಬೇಡ ಅಂದಿದ್ದಕ್ಕೆ, "ಹುಷಾರಿಲ್ವಾ ಸಾರ್?" ಅಂದರು.

ಒಂದು ಅನುಮಾನ. ಬಿಟ್ಟ ಮೇಲೆ ಕೆಮ್ಮು, ಕಫ ಜಾಸ್ತಿ ಆಗಿದೆ. ಆಪರೇಷನ್ ಹತ್ತಿರ ಬಿಟ್ಟರೆ ಶ್ವಾಸಕೋಶಕ್ಕೆ ಇನ್ನೂ ಕೆಟ್ಟದು, ಅದಕ್ಕಿಂತ ಸೇದುತ್ತಿರುವುದೇ ವಾಸಿ ಅಂತ ಒಬ್ಬರು ಹೇಳಿದರು. ಹೌದಾ?

ಥಿಯೇಟರ್ ಟೆಕ್ನಿಷಿಯನ್

ಹಳೇ ಮಾತು ಅದು. ಹಿಂದೆ ಕೆಲವು ಡಾಕ್ಟರುಗಳಿಗೂ ಆ ಅನುಮಾನ ಇತ್ತು. ಆಮೇಲೆ ಬಂದ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದಾಗ, ಆಪರೇಷನ್ ಹತ್ತಿರ ಬಿಟ್ಟರೆ ತೊಂದರೆ ಹೆಚ್ಚುತ್ತದೆ ಅನ್ನುವುದಕ್ಕೆ ಆಧಾರ ಸಿಗಲಿಲ್ಲ. ಮುಂಚೆ ಬಿಟ್ಟಷ್ಟೂ ಲಾಭ ಜಾಸ್ತಿ, ಅಷ್ಟೇ. ಶ್ವಾಸನಾಳದಲ್ಲಿ ಕಫ ಮೇಲಕ್ಕೆ ತಳ್ಳುವ ಸಣ್ಣ ರೋಮಗಳಿರುತ್ತವೆ. ಹೊಗೆಗೆ ಅವು ಮಂಕಾಗಿರುತ್ತವೆ. ಹೊಗೆ ನಿಂತ ಮೇಲೆ ಮತ್ತೆ ಕೆಲಸ ಶುರು ಮಾಡಿ ಕಫ ಹೊರಗೆ ಹಾಕುತ್ತವೆ. ಜ್ವರ, ಕಫದಲ್ಲಿ ರಕ್ತ, ಏದುಸಿರು ಇದ್ದರೆ ಮಾತ್ರ ಕಾಯದೆ ತೋರಿಸಿ.

ಆಸ್ಪತ್ರೆಯಲ್ಲಿ ಮೂರು ಬಾಲಿನ ಸ್ಪೈರೋಮೀಟರ್ ಕೊಟ್ಟಿರಬೇಕಲ್ಲ? ಪ್ಲಾಸ್ಟಿಕ್ ಡಬ್ಬಿ, ಒಳಗೆ ಬಣ್ಣದ ಬಾಲುಗಳು. ಎಲ್ಲರೂ ಅದನ್ನು ಊದುತ್ತಾರೆ. ಊದುವುದಲ್ಲ, ಒಳಗೆ ಎಳೆಯಬೇಕು. ನಿಧಾನವಾಗಿ ಎಳೆದು ಬಾಲನ್ನು ಮೇಲೆ ಹಿಡಿದು ನಿಲ್ಲಿಸಬೇಕು. ಪಟ್ ಅಂತ ಎಳೆದು ಮೂರೂ ಬಾಲ್ ಹಾರಿಸಿದರೆ ಪ್ರಯೋಜನ ಇಲ್ಲ. ಈಗಿನಿಂದಲೇ ಅಭ್ಯಾಸ ಮಾಡಿ. ಆಪರೇಷನ್ ಆದ ದಿನ ಹೊಟ್ಟೆ ನೋವಿನಲ್ಲಿ ಹೊಸದಾಗಿ ಕಲಿಯುವುದು ಕಷ್ಟ.

ಯಶವಂತಪುರ ಲೋಕಲ್

ಚಿಕ್ಕಪ್ಪನನ್ನು ಕೇಳಿದೆ. ಸೇದುವುದು ನಿಂತಿಲ್ಲವಂತೆ. ಎದೆಯುರಿ ಮಾತ್ರೆ ದಿನಾ ಬೆಳಗ್ಗೆ, ಕೆಲವು ಸಲ ರಾತ್ರಿಯೂ. ಆದರೂ ಸೋರಲಿಲ್ಲ ಅಲ್ವಾ, ಅದು ನನ್ನ ಪಾಯಿಂಟ್.

ಮಲ್ಲೇಶ್ವರದ ಹುಡುಗಿ

ಆಪರೇಷನ್ ಆದ ಮೇಲೆ ತಾನಾಗೇ ಬಿಡುತ್ತೀಯ ಅಂತ ನೀವೇ ಹೇಳಿದ್ದಿರಿ ಯಶವಂತಪುರದವರೇ. ಚಿಕ್ಕಪ್ಪ ಬಿಟ್ಟಿಲ್ಲವಲ್ಲ.

ಜಯನಗರದವರೇ, ಇದು ನಿಮಗೆ. ಆಪರೇಷನ್ ಆದ ಮೇಲಿನ ಮೊದಲ ತಿಂಗಳುಗಳು ಸುಲಭ. ಎಲ್ಲರೂ ಹೊಗಳುತ್ತಾರೆ, ತೂಕ ಇಳಿಯುತ್ತಿರುತ್ತದೆ. ಆಮೇಲೆ ಮದುವೆ ಮನೆಗೆ ಹೋದಾಗ ಎಲ್ಲರೂ ಎಲೆ ಮುಂದೆ ಕೂತಿರುತ್ತಾರೆ, ನೀವು ಎರಡು ತುತ್ತು ತಿಂದು ಸುಮ್ಮನೆ ಕೂತಿರುತ್ತೀರಿ. ತಿನ್ನುವ ದಾರಿ ಮುಚ್ಚಿದಾಗ ಮನಸ್ಸು ಬೇರೆ ದಾರಿ ಹುಡುಕುತ್ತದೆ. ನನಗೆ ಸಿಗರೇಟಿನ ಆಸೆ ಜೋರಾಗಿ ಬಂದದ್ದು ಆಗಲೇ, ಬಿಟ್ಟ ಹೊಸದರಲ್ಲಿ ಅಲ್ಲ. ಕೆಲವರಿಗೆ ಕುಡಿತದ ಕಡೆ ಹೋಗುತ್ತದೆ, ಬೈಪಾಸ್ ಆದವರಿಗೆ ಸ್ವಲ್ಪ ಕುಡಿದರೂ ಬೇಗ ಏರುತ್ತದೆ. ಕೌನ್ಸೆಲರ್ ಹತ್ತಿರ ಹೋಗುವುದನ್ನು ಆಪರೇಷನ್ ಆದ ಮೇಲೂ ಬಿಡಬೇಡಿ. ಡಯಟಿಷಿಯನ್‌ಗೆ ಎಲ್ಲರೂ ಹೋಗುತ್ತಾರೆ, ಕೌನ್ಸೆಲರನ್ನು ಎಲ್ಲರೂ ಮರೆಯುತ್ತಾರೆ.

ಕೆಂಗೇರಿ ಕಡೆಯವಳು

ಇಡೀ ಚರ್ಚೆ ಓದಿದೆ. ನಮ್ಮ ಯಜಮಾನರಿಗೆ ಮುಂದಿನ ತಿಂಗಳು ಸ್ಲೀವ್. ಆಸ್ಪತ್ರೆಯಲ್ಲಿ ನಿಕೋಟಿನ್ ಟೆಸ್ಟ್ ಅಂತ ಏನೂ ಹೇಳಿಲ್ಲ. ದಿನಕ್ಕೆ ಎರಡು ಮೂರು ಅಷ್ಟೇ ಅಂತಾರೆ, ನನ್ನ ಲೆಕ್ಕದಲ್ಲಿ ಜಾಸ್ತಿ. ಡಾಕ್ಟರ್‌ಗೆ ನಾನೇ ಹೇಳಿಬಿಡಲಾ? ಸಿಟ್ಟು ಮಾಡಿಕೊಳ್ಳುತ್ತಾರೆ.

ಥಿಯೇಟರ್ ಟೆಕ್ನಿಷಿಯನ್

ಮೇಡಂ, ಟೆಸ್ಟ್ ಮಾಡಿಸದ ಆಸ್ಪತ್ರೆಗಳೂ ಇವೆ. ಟೆಸ್ಟ್ ಇಲ್ಲ ಅಂದ ಮಾತ್ರಕ್ಕೆ ಹೊಟ್ಟೆಗೆ ವಿನಾಯಿತಿ ಇಲ್ಲ. ಅನಸ್ತೇಶಿಯಾದವರು ಆಪರೇಷನ್‌ಗೆ ಮುಂಚೆ ಒಂದು ಚೆಕಪ್ ಮಾಡುತ್ತಾರೆ, ಆಗ ಹೇಳಿ. ಮೊದಲು ನಿಮ್ಮ ಯಜಮಾನರಿಗೇ ಅವಕಾಶ ಕೊಡಿ, ಅವರು ಹೇಳದಿದ್ದರೆ ನೀವು ಹೇಳಿ. ಎರಡೋ ಹತ್ತೋ, ಬಿಡುವ ಲೆಕ್ಕ ಒಂದೇ. ದಿನ ಸಾಲುವುದಿಲ್ಲ ಅಂದರೆ ಡೇಟ್ ಮುಂದಕ್ಕೆ ಹಾಕಿಸಿ. ಇದು ಅಪೆಂಡಿಕ್ಸ್ ಒಡೆದ ಹಾಗೆ ರಾತ್ರೋರಾತ್ರಿ ಮಾಡಬೇಕಾದ ಆಪರೇಷನ್ ಅಲ್ಲ, ಒಂದು ತಿಂಗಳು ಕಾಯಬಹುದು.

ಕೆಂಗೇರಿ ಕಡೆಯವಳು

ಶುಕ್ರವಾರ ಚೆಕಪ್ ಇದೆ. ಜೊತೆಗೆ ನಾನೂ ಹೋಗುತ್ತೇನೆ. ಆ 1800 ನಂಬರ್ ಅವರ ಫೋನಿಗೆ ಕಳಿಸಿದ್ದೇನೆ, ನೋಡಿದ್ದಾರೆ, ಉತ್ತರ ಇಲ್ಲ.

ಜಯನಗರದವನು

ಅವರು ಮಾತಾಡುವುದಾದರೆ ನನ್ನ ಜೊತೆ ಮಾತಾಡಿಸಿ. ಬುದ್ಧಿ ಹೇಳಲ್ಲ. ಗಮ್ ಹೇಗೆ ಅಗಿಯುವುದು ಅಂತ ಹೇಳಿಕೊಡುತ್ತೇನೆ.